ಗಂಧದ ಹೊಗೆ: ಪರಿಮಳದ ರಸಾಯನ, ಉಸಿರಿನ ಆರೋಗ್ಯ

(ದತ್ತಿ ಉಪನ್ಯಾಸದ ಪಠ್ಯ)



ಅಗಲಿದ ಹಿರಿಯರೊಬ್ಬರ ನೆನಪಿಗೆ ಇಟ್ಟ ಹಣದ ಬಡ್ಡಿಯಿಂದ ಊರಿಗೆ ನಾಲ್ಕು ಉಪಯೋಗದ ಮಾತು ತಲುಪಲಿ ಎಂಬುದು ದತ್ತಿ ಉಪನ್ಯಾಸದ ಆಶಯ. ಅದಕ್ಕೆ ತಕ್ಕಂತೆ, ನಮ್ಮೆಲ್ಲರ ಮನೆಯಲ್ಲೂ ಬೆಳಗು ಬೈಗು ಏಳುವ ಗಂಧದ ಹೊಗೆಯನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ. ಊದುಬತ್ತಿ, ಧೂಪ, ಸಾಂಬ್ರಾಣಿ, ಲೋಬಾನ, ಹೆಸರು ಯಾವುದಾದರೂ ಆಗಲಿ, ಇವುಗಳ ಬಗ್ಗೆ ಮಾತೆತ್ತಿದರೆ ಎರಡು ಗುಂಪುಗಳಾಗುತ್ತವೆ. ಒಂದು ಗುಂಪಿಗೆ ಇದು ಪವಿತ್ರ, ಆದ್ದರಿಂದ ಹಾನಿಯಿಲ್ಲ. ಇನ್ನೊಂದಕ್ಕೆ ಇದು ಬರೀ ಹೊಗೆ, ಆದ್ದರಿಂದ ಬೇಡವೇ ಬೇಡ. ರಸಾಯನಶಾಸ್ತ್ರವನ್ನು ಕೇಳಿದರೆ ಮೂರನೆಯ ಉತ್ತರವೊಂದು ಸಿಗುತ್ತದೆ. ಮರದ ಪರಿಮಳ ಹೊರಡುವುದು ಎಣ್ಣೆ ಆವಿಯಾಗುವುದರಿಂದ. ಹಾನಿ ಹುಟ್ಟುವುದು ಮರ ಅರೆಬರೆ ಸುಡುವುದರಿಂದ. ಇವು ಒಂದೇ ಕಡ್ಡಿಯ ತುದಿಯಲ್ಲಿ ನಡೆಯುವ ಎರಡು ಬೇರೆ ಬೇರೆ ಕೆಲಸಗಳು. ಇದು ತಿಳಿದರೆ ಪರಿಮಳವನ್ನು ಉಳಿಸಿಕೊಂಡು ಹಾನಿಯನ್ನು ಬಹಳ ಮಟ್ಟಿಗೆ ಇಳಿಸಬಹುದು. ನನ್ನ ಉಪನ್ಯಾಸದ ತಿರುಳು ಇಷ್ಟೇ.

ಯಶವಂತಪುರದ ನೆರೆಯಲ್ಲಿ

ಪರಿಮಳವನ್ನು ಬೆಂಕಿಯಿಂದ ಬೇರ್ಪಡಿಸುವ ಕೆಲಸದಲ್ಲಿ ನಮ್ಮ ಉತ್ತರ ಬೆಂಗಳೂರಿಗೆ ದೊಡ್ಡ ಪಾತ್ರವಿದೆ. ಮೈಸೂರು ಸೀಮೆಯ ಶ್ರೀಗಂಧ ಹಿಂದೆಲ್ಲ ಮರದ ರೂಪದಲ್ಲೇ ಹೊರದೇಶಕ್ಕೆ ಹೋಗುತ್ತಿತ್ತು. ಅದರ ಎಣ್ಣೆ ತೆಗೆಯುವ ಕಾರ್ಖಾನೆಗಳು ಜರ್ಮನಿಯಲ್ಲಿದ್ದವು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಆ ದಾರಿ ಮುಚ್ಚಿತು. ಕಡಿದ ಗಂಧ ಇಲ್ಲೇ ಉಳಿಯಿತು. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರೂ ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ ಅವರೂ ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯತ್ತ ನೋಡಿದರು. ಅಲ್ಲಿನ ರಸಾಯನ ವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್ ಗಂಧದ ಚಕ್ಕೆಯಿಂದ ಎಣ್ಣೆ ಇಳಿಸುವ ಕ್ರಮವನ್ನು ರೂಪಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ತಯಾರಾಯಿತು. ಮುಂದೆ ಮೈಸೂರಿನಲ್ಲಿ ದೊಡ್ಡ ಕಾರ್ಖಾನೆಯೇ ಎದ್ದಿತು. ಅದೇ ಎಣ್ಣೆಯಿಂದ ರಸಾಯನತಜ್ಞ ಎಸ್.ಜಿ. ಶಾಸ್ತ್ರಿಗಳ ಪರಿಣತಿಯಲ್ಲಿ ಮೈಸೂರು ಸ್ಯಾಂಡಲ್ ಸೋಪು ಬಂತು. ಇವತ್ತು ನಮ್ಮ ಮೆಟ್ರೋದ ಹಸಿರು ಮಾರ್ಗದಲ್ಲಿ ಆ ಸೋಪಿನ ಕಾರ್ಖಾನೆಯ ಹೆಸರಿನ ನಿಲ್ದಾಣವೇ ಇದೆ.

ಆ ಕೆಲಸದೊಳಗಿನ ರಸಾಯನವನ್ನು ಗಮನಿಸಿ. ಶ್ರೀಗಂಧದ ಚೇಗಿನಲ್ಲಿ ಸುಗಂಧ ಕೊಡುವ ಮುಖ್ಯ ವಸ್ತುಗಳು ಆಲ್ಫಾ ಸ್ಯಾಂಟಲಾಲ್ ಮತ್ತು ಬೀಟಾ ಸ್ಯಾಂಟಲಾಲ್. ಒಳ್ಳೆಯ ಎಣ್ಣೆಯಲ್ಲಿ ಆಲ್ಫಾ ಶೇ 41ರಿಂದ 55, ಬೀಟಾ ಶೇ 16ರಿಂದ 24 ಇರಬೇಕೆಂದು ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ. ಹದಿನೈದು ಇಂಗಾಲದ ಪರಮಾಣುಗಳಿರುವ ಭಾರವಾದ ಅಣುಗಳಿವು. ಕುದಿಯಲು ಸುಮಾರು 300 ಡಿಗ್ರಿ ಸೆಲ್ಸಿಯಸ್ ಬೇಕು. ಆದರೆ ನೀರಿನ ಹಬೆಯನ್ನು ಚಕ್ಕೆಯ ನಡುವೆ ಹಾಯಿಸಿದರೆ 100 ಡಿಗ್ರಿಯ ಆಸುಪಾಸಿನಲ್ಲೇ ಅವು ಹಬೆಯ ಜೊತೆಗೂಡಿ ಹೊರಬರುತ್ತವೆ. ನಿಧಾನದ ಕೆಲಸ, ದಿನಗಟ್ಟಲೆ ಹಬೆ ಹಾಯಬೇಕು. ಆದರೂ ಮರದ ಒಂದು ಎಳೆಯೂ ಸುಡದೆ ಪರಿಮಳ ಇಡಿಯಾಗಿ ಕೈಗೆ ಬರುತ್ತದೆ. ಪರಿಮಳಕ್ಕೆ ಹೊಗೆ ಬೇಕೇ ಬೇಕೆಂಬ ನಂಬಿಕೆಗೆ ಯಶವಂತಪುರದ ನೆರೆಯಲ್ಲಿ ನೂರು ವರ್ಷಕ್ಕೂ ಹಿಂದೆಯೇ ಉತ್ತರ ಸಿಕ್ಕಿತ್ತು.

ಕೆಂಡದ ತುದಿಯಲ್ಲಿ ನಡೆಯುವುದು

ಈಗ ಉರಿಯುವ ಕಡ್ಡಿಗೆ ಬರೋಣ. ಕಡ್ಡಿಗೆ ಬೆಂಕಿ ತಾಗಿಸಿ ಜ್ವಾಲೆಯನ್ನು ಆರಿಸುತ್ತೇವೆ. ಉಳಿಯುವುದು ಕೆಂಡ. ಜ್ವಾಲೆಯಿಲ್ಲದ ಈ ಬೆಂಕಿಗೆ ಸಾಕಷ್ಟು ಆಮ್ಲಜನಕ ಸಿಗುವುದಿಲ್ಲ, ಸಾಕಷ್ಟು ಶಾಖವೂ ಇರುವುದಿಲ್ಲ. ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಕೆಂಡದ ಹಿಂದೆ, ಇನ್ನೂ ಕೆಂಪಗಾಗದ ಕೆಲವು ಮಿಲಿಮೀಟರ್ ಜಾಗದಲ್ಲಿ ಮೊದಲ ಕೆಲಸ ನಡೆಯುತ್ತದೆ. ಅಲ್ಲಿನ ಬಿಸಿಗೆ ಎಣ್ಣೆಯ ಅಂಶಗಳು ಆವಿಯಾಗಿ ಹೊರಡುತ್ತವೆ. ಮೂಗಿಗೆ ಬಡಿಯುವ ಗಂಧ ಬಹುಪಾಲು ಇದೇ. ಅಗರು ಮರದ್ದು ಇನ್ನೂ ಸ್ವಾರಸ್ಯದ ಸಂಗತಿ. ಕೊಪ್ಪ, ಶೃಂಗೇರಿ ಕಡೆ ಈಗ ರೈತರು ಬೆಳೆಸುತ್ತಿರುವ ಈ ಮರದಲ್ಲಿ, ಗಾಯವಾಗಿ ಶಿಲೀಂಧ್ರ ಸೇರಿದ ಜಾಗದಲ್ಲಿ ಮಾತ್ರ ಕಪ್ಪು ರಾಳ ತುಂಬಿಕೊಳ್ಳುತ್ತದೆ. ಅದರಲ್ಲಿರುವ ಕ್ರೋಮೋನ್ ಎಂಬ ವಸ್ತುಗಳಿಗೆ ತಣ್ಣಗಿರುವಾಗ ಹೆಚ್ಚು ವಾಸನೆಯಿಲ್ಲ. ಬಿಸಿ ತಾಗಿದಾಗ ಅವು ಒಡೆದು ಬೆಂಜಾಲ್ಡಿಹೈಡ್‌ನಂಥ ಸುವಾಸನೆಯ ಅಣುಗಳಾಗುತ್ತವೆ. ಅಗರಿನ ತುಂಡನ್ನು ಸುಡದೆ ಹದವಾಗಿ ಕಾಯಿಸಿ ಅನುಭವಿಸುವ ಪದ್ಧತಿ ಜಪಾನಿನಲ್ಲಿ ಬೆಳೆದದ್ದು ಇದೇ ಗುಣವನ್ನು ಬಳಸಿಕೊಂಡು.

ಎರಡನೆಯ ಕೆಲಸ ಕೆಂಡದ ಅಂಚಿನದು. ಮರ ಎಂದರೆ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್. 200 ಡಿಗ್ರಿ ದಾಟಿದ ಮೇಲೆ ಹೆಮಿಸೆಲ್ಯುಲೋಸ್, 300ರ ನಂತರ ಸೆಲ್ಯುಲೋಸ್, ಅದರಾಚೆಗೂ ನಿಧಾನವಾಗಿ ಲಿಗ್ನಿನ್ ಒಡೆಯುತ್ತವೆ. ಒಡೆದ ಚೂರುಗಳಿಂದ ಕಾರ್ಬನ್ ಮೊನಾಕ್ಸೈಡ್, ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್, ಕಣ್ಣು ಉರಿಸುವ ಅಕ್ರೋಲಿನ್, ಬೆಂಜೀನ್, ಟಾಲ್ವಿನ್ ಹುಟ್ಟುತ್ತವೆ. ಲಿಗ್ನಿನ್‌ನಿಂದ ಗ್ವಾಯಕಾಲ್‌ನಂಥ ಫೀನಾಲುಗಳು ಬಂದು ಹೊಗೆಗೆ ಹೊಗೆಯ ವಾಸನೆ ಕೊಡುತ್ತವೆ. ಇನ್ನು ಕೆಲವು ಚೂರುಗಳು ಒಂದಕ್ಕೊಂದು ಅಂಟಿಕೊಂಡು ಬಹುವಲಯ ಆರೊಮ್ಯಾಟಿಕ್ ಹೈಡ್ರೋಕಾರ್ಬನ್‌ಗಳಾಗುತ್ತವೆ. ಬೆಂಜೋ ಎ ಪೈರಿನ್ ಇವುಗಳಲ್ಲೊಂದು. ಬೆಂಜೀನ್, ಫಾರ್ಮಾಲ್ಡಿಹೈಡ್, ಬೆಂಜೋ ಎ ಪೈರಿನ್ ಈ ಮೂರನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ.

ಬಿಸಿ ಆವಿ ಗಾಳಿಗೆ ಬಂದು ತಣ್ಣಗಾದ ಕೂಡಲೇ ಸಣ್ಣ ಹನಿಗಳಾಗಿ, ಕಣಗಳಾಗಿ ಗಟ್ಟಿಯಾಗುತ್ತದೆ. ಕಣ್ಣಿಗೆ ಕಾಣುವ ನೀಲಿ ಛಾಯೆಯ ಎಳೆ ಇದೇ. ಈ ಕಣಗಳಲ್ಲಿ ಬಹುಪಾಲು ಒಂದು ಮೈಕ್ರಾನಿಗಿಂತ ಸಣ್ಣವು. ಮೂಗಿನ ಕೂದಲು, ಗಂಟಲಿನ ಲೋಳೆ ಇವುಗಳನ್ನು ಪೂರಾ ತಡೆಯಲಾರವು. ಕಣಗಳು ಶ್ವಾಸಕೋಶದ ಕೊನೆಯ ಗಾಳಿಗೂಡಿನವರೆಗೂ ಹೋಗುತ್ತವೆ.

ಕಡ್ಡಿಯ ಮೈಯಲ್ಲಿ ಏನಿದೆ?

ಪೊಟ್ಟಣದ ಮೇಲೆ ಗಂಧದ ಮರದ ಚಿತ್ರವಿದ್ದರೂ ಇವತ್ತಿನ ಸಾಮಾನ್ಯ ಊದುಬತ್ತಿಯಲ್ಲಿ ಶ್ರೀಗಂಧ ಇರುವುದು ಅಪರೂಪ. ಬಿದಿರಿನ ಕಡ್ಡಿ, ಇದ್ದಿಲ ಪುಡಿ, ಮರದ ಹೊಟ್ಟು, ಅಂಟಿಗೆ ಜಿಗಟ್ ಪುಡಿ ಸೇರಿದರೆ ಕಪ್ಪು ಕಡ್ಡಿ ಸಿದ್ಧ. ಅದನ್ನು ಸುಗಂಧ ದ್ರಾವಣದಲ್ಲಿ ಅದ್ದಿ ಒಣಗಿಸುತ್ತಾರೆ. ಆ ಸುಗಂಧದಲ್ಲಿ ಪ್ರಯೋಗಾಲಯದಲ್ಲಿ ತಯಾರಾದ ಗಂಧದ ಅಣುಗಳಿರುತ್ತವೆ. ಅವನ್ನು ತೆಳುಗೊಳಿಸಿ ಹಿಡಿದಿಡಲು ಡೈಈಥೈಲ್ ಥ್ಯಾಲೇಟ್ ಎಂಬ ದ್ರಾವಕವನ್ನು ಬಹಳವಾಗಿ ಬಳಸುತ್ತಾರೆ. ಮಸಾಲೆ ಊದುಬತ್ತಿ ಬೇರೆ ಜಾತಿ. ಪಶ್ಚಿಮಘಟ್ಟದ ಹಾಲುಮಡ್ಡಿ ರಾಳ, ಗಂಧದ ಪುಡಿ, ಬೇರು, ಹೂವು, ಮಸಾಲೆಗಳನ್ನು ಹಿಟ್ಟಿನಲ್ಲೇ ಕಲಸಿ ಹೊಸೆಯುವುದು ಅದರ ಕ್ರಮ. 2005ರಲ್ಲಿ ಭೌಗೋಳಿಕ ಗುರುತು ಪಡೆದ ಮೈಸೂರು ಅಗರಬತ್ತಿಯ ಕೀರ್ತಿಯ ಹಿಂದೆ ಈ ಕೈಚಳಕವಿದೆ.

ಹಾಗಾದರೆ ನಿಜವಾದ ಗಂಧ ಉರಿಸಿದರೆ ಹಾನಿಯಿಲ್ಲವೇ? ಹಲವರು ಕೇಳುವ ಪ್ರಶ್ನೆಯಿದು. ಕಲಬೆರಕೆಯಿಲ್ಲದ ಮರವೂ ಮರವೇ. ಅದರಲ್ಲೂ ಲಿಗ್ನಿನ್ ಇದೆ, ಅದೂ ಅರೆಬರೆ ಸುಡುತ್ತದೆ. ಕೃತಕ ಸುಗಂಧ, ದ್ರಾವಕಗಳ ತೊಂದರೆ ತಪ್ಪಬಹುದು; ಸೂಕ್ಷ್ಮ ಕಣ, ಕಾರ್ಬನ್ ಮೊನಾಕ್ಸೈಡ್, ಆಲ್ಡಿಹೈಡ್‌ಗಳು ತಪ್ಪುವುದಿಲ್ಲ. ನೈಸರ್ಗಿಕ ಎಂಬ ಮುದ್ರೆಯನ್ನು ನೋಡಿ ಕಿಟಕಿ ಮುಚ್ಚಬೇಡಿ.

ಒಂದು ಕೋಣೆಯ ಲೆಕ್ಕ

ಅಳತೆಗೆ ಬರೋಣ. ಒಂದು ಗ್ರಾಂ ಸುಟ್ಟರೆ ಸಿಗರೇಟು ಸುಮಾರು 10 ಮಿಲಿಗ್ರಾಂ ಕಣಗಳನ್ನು ಹೊರಬಿಟ್ಟರೆ, ಊದುಬತ್ತಿ 45 ಮಿಲಿಗ್ರಾಂಗಿಂತ ಹೆಚ್ಚು ಬಿಡುತ್ತದೆಂದು ವೈದ್ಯಕೀಯ ಬರಹಗಳಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುವ ಒಂದು ಅಳತೆ ಇದೆ. ಇದನ್ನು ಕೇಳಿ ಊದುಬತ್ತಿ ಸಿಗರೇಟಿಗಿಂತ ಕೆಟ್ಟದ್ದು ಎಂದು ತೀರ್ಮಾನಿಸುವುದು ತಪ್ಪು. ಸೇದುವವನು ಹೊಗೆಯನ್ನು ನೇರವಾಗಿ ಎದೆಗೆ ಎಳೆದುಕೊಳ್ಳುತ್ತಾನೆ. ಊದುಬತ್ತಿಯ ಹೊಗೆ ಕೋಣೆಯ ಗಾಳಿಯಲ್ಲಿ ಹರಡಿ ತೆಳುವಾಗುತ್ತದೆ. ಕಡ್ಡಿಯಿಂದ ಕಡ್ಡಿಗೆ ವ್ಯತ್ಯಾಸವೂ ಅಗಾಧ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 23 ಬಗೆಯ ಧೂಪಗಳನ್ನು ಉರಿಸಿ ನೋಡಿದಾಗ, ಪಿಎಂ 2.5 (2.5 ಮೈಕ್ರಾನಿಗಿಂತ ಸಣ್ಣ) ಕಣಗಳು ಗಂಟೆಗೆ 7 ಮಿಲಿಗ್ರಾಂನಿಂದ 202 ಮಿಲಿಗ್ರಾಂವರೆಗೆ ಹೊರಬಂದವು. ಆರಿಸಿಕೊಳ್ಳುವ ಕಡ್ಡಿಯಿಂದಲೇ ಎಷ್ಟು ಹೆಚ್ಚು ಕಡಿಮೆಯಾಗುತ್ತದೆ ನೋಡಿ.

ನಮ್ಮ ಬಡಾವಣೆಗಳ ಒಂದು ಸಣ್ಣ ಕೋಣೆಯನ್ನು ತೆಗೆದುಕೊಳ್ಳಿ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರ. ಅಂದರೆ ಸುಮಾರು 28 ಘನ ಮೀಟರ್. ಒಂದು ಕಡ್ಡಿಯಿಂದ 20 ಮಿಲಿಗ್ರಾಂ ಕಣ ಬರುತ್ತದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಎಲ್ಲವೂ ಒಳಗೇ ಉಳಿದರೆ ಪ್ರತಿ ಘನ ಮೀಟರಿಗೆ ಸುಮಾರು 700 ಮೈಕ್ರೋಗ್ರಾಂ ಆಗುತ್ತದೆ. ಇದು ಆ ಗಳಿಗೆಯ ಪ್ರಮಾಣ. ದಿನದ ಸರಾಸರಿ ತೆಗೆಯಬೇಕಾದರೆ ಗಾಳಿಯ ಓಡಾಟ ಗೊತ್ತಿರಬೇಕು. ಕಿಟಕಿ ಬಾಗಿಲು ಮುಚ್ಚಿ, ಕೋಣೆಯ ಗಾಳಿ ಎರಡು ಗಂಟೆಗೊಮ್ಮೆ ಬದಲಾಗುವಂತಿದ್ದರೆ, ಆ ಒಂದೇ ಕಡ್ಡಿ 24 ಗಂಟೆಯ ಸರಾಸರಿಗೆ ಹತ್ತಿರಹತ್ತಿರ 60 ಮೈಕ್ರೋಗ್ರಾಂ ಸೇರಿಸುತ್ತದೆ. ಗೋಡೆಗೆ ನೆಲಕ್ಕೆ ಕೂರುವ ಕಣಗಳನ್ನು ಕಳೆದರೆ ಸ್ವಲ್ಪ ಕಡಿಮೆಯಾದೀತು. ಎದುರುಬದುರು ಕಿಟಕಿ ತೆರೆದು ಗಂಟೆಗೆ ಐದು ಸಲ ಗಾಳಿ ಬದಲಾದರೆ ಸೇರುವುದು ಸುಮಾರು 6 ಮಾತ್ರ. ಕಡ್ಡಿ ಒಂದೇ, ವ್ಯತ್ಯಾಸ ಹತ್ತು ಪಟ್ಟು.

ಈ ಕಣಗಳಿಗೆ ಭಾರತದ ಮಾನಕ, 24 ಗಂಟೆಯ ಸರಾಸರಿಯಲ್ಲಿ, ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15. ಹೆಬ್ಬಾಳದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವಿದೆ. ಮೇಲ್ಸೇತುವೆಯ ವಾಹನ ದಟ್ಟಣೆಯ ಬಗ್ಗೆ ನಾವೆಲ್ಲ ದೂರುತ್ತೇವೆ. ದೇವರ ಕೋಣೆಯ ಗಾಳಿಯನ್ನು ಅಳೆಯುವವರು ಯಾರೂ ಇಲ್ಲ. ಹೊರಗಿನ ಗಾಳಿಗೆ ಸರ್ಕಾರವನ್ನು ಕೇಳಬೇಕು, ಕೇಳೋಣ. ಒಳಗಿನ ಗಾಳಿಗೆ ನಾವೇ ಮಂಡಳಿ.

ದೇಹಕ್ಕೆ ಆಗುವುದು

ತಕ್ಷಣದ ತೊಂದರೆಗಳು ಎಲ್ಲರಿಗೂ ಗೊತ್ತು: ಕಣ್ಣುರಿ, ಸೀನು, ಗಂಟಲ ಕೆರೆತ, ತಲೆನೋವು. ಆಸ್ತಮಾ ಇರುವವರಿಗೆ ಉಬ್ಬಸ ಎದ್ದುಬಿಡಬಹುದು. ದೀರ್ಘಕಾಲದ ಪರಿಣಾಮಕ್ಕೆ ದೊಡ್ಡ ಅಧ್ಯಯನಗಳು ಬೇಕು. ಅಂಥವು ನಡೆದದ್ದು ಸಿಂಗಪುರದಲ್ಲಿ. 1993ರಿಂದ 1998ರ ನಡುವೆ ಅಲ್ಲಿ 60 ಸಾವಿರಕ್ಕೂ ಹೆಚ್ಚು ಚೀನೀ ಮೂಲದ ಮಧ್ಯವಯಸ್ಕರನ್ನು ಹಾಗೂ ಹಿರಿಯರನ್ನು ನೋಂದಾಯಿಸಿಕೊಂಡು ವರ್ಷಗಟ್ಟಲೆ ಗಮನಿಸಿದರು. ಬಹುಕಾಲ ಮನೆಯಲ್ಲಿ ಧೂಪ ಉರಿಸಿದವರಲ್ಲಿ ಉಸಿರಾಟದ ಮೇಲ್ಭಾಗದ ಕ್ಯಾನ್ಸರ್‌ಗಳು ಹೆಚ್ಚಾಗಿದ್ದವೆಂದು 2008ರಲ್ಲಿ ವರದಿಯಾಯಿತು. ಒಟ್ಟು ಶ್ವಾಸಕೋಶ ಕ್ಯಾನ್ಸರ್‌ಗೆ ಅಂಥ ಸಂಬಂಧ ಕಾಣಲಿಲ್ಲ. ಅದರ ಒಂದು ಬಗೆಯಾದ ಸ್ಕ್ವೇಮಸ್ ಕ್ಯಾನ್ಸರ್‌ಗೆ ಕಂಡಿತು. ಅದೇ ಸಮುದಾಯದ ಮೇಲೆ 2014ರಲ್ಲಿ ಬಂದ ಇನ್ನೊಂದು ವರದಿ, ಬಹುಕಾಲದಿಂದ ಧೂಪ ಬಳಸುತ್ತಿದ್ದವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಶೇ 12ರಷ್ಟು ಹೆಚ್ಚೆಂದು ಹೇಳಿತು. ಇವು ಸಂಬಂಧವನ್ನು ತೋರಿಸುತ್ತವೆ. ಕಾರಣವನ್ನು ಅಖೈರಾಗಿ ಸಾಬೀತುಪಡಿಸುವುದಿಲ್ಲ. ಅಲ್ಲಿನ ಧೂಪ, ಮನೆ, ಅಭ್ಯಾಸಗಳೂ ನಮ್ಮವಲ್ಲ. ಆದರೂ ಹೊಗೆಯ ರಸಾಯನ ಹೇಳುವುದಕ್ಕೂ ಈ ವರದಿಗಳು ಹೇಳುವುದಕ್ಕೂ ತಾಳೆಯಾಗುತ್ತದೆ. ಆ ತಾಳೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ನಮ್ಮ ನಗರದ ಒಂದು ಸಂಗತಿ ಸೇರಿಸುತ್ತೇನೆ. ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಬೆಂಗಳೂರಿನ ಮಕ್ಕಳಲ್ಲಿ ಆಸ್ತಮಾ ಪ್ರಮಾಣವನ್ನು ದಶಕಗಳ ಕಾಲ ದಾಖಲಿಸಿದರು. 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5 ಆಗಿತ್ತು. ಈ ಏರಿಕೆಯ ಹೊಣೆಯನ್ನು ಊದುಬತ್ತಿಯ ತಲೆಗೆ ಕಟ್ಟುವುದು ಅನ್ಯಾಯ. ನಗರದ ಬೆಳವಣಿಗೆ, ವಾಹನ, ದೂಳು ಎಲ್ಲವೂ ಅದರಲ್ಲಿ ಸೇರಿವೆ. ಈಗಾಗಲೇ ಕೆರಳಿರುವ ಎಳೆಯ ಶ್ವಾಸನಾಳಕ್ಕೆ ಮನೆಯೊಳಗಿನ ಹೊಗೆಯನ್ನೂ ಸೇರಿಸುವುದು ಎಷ್ಟು ಸರಿ ಎಂಬುದಷ್ಟೇ ನನ್ನ ಪ್ರಶ್ನೆ.

ಹೊಗೆ ಕ್ರಿಮಿಗಳನ್ನು ಕೊಲ್ಲುತ್ತದಲ್ಲ ಎಂಬ ವಾದವೂ ಇದೆ. ಅದರಲ್ಲಿ ಸತ್ಯಾಂಶವಿದೆ. ಲಖನೌದ ರಾಷ್ಟ್ರೀಯ ಸಸ್ಯ ಸಂಶೋಧನಾ ಸಂಸ್ಥೆಯವರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮುಚ್ಚಿದ ಕೋಣೆಯಲ್ಲಿ ಒಂದು ಗಂಟೆ ಹವನ ಸಾಮಗ್ರಿಯ ಹೊಗೆ ಹಾಕಿದಾಗ ಗಾಳಿಯ ಬ್ಯಾಕ್ಟೀರಿಯಾ ಶೇ 94ರಷ್ಟು ಕಡಿಮೆಯಾದವು. ಆದರೆ ಬ್ಯಾಕ್ಟೀರಿಯಾದ ಜೀವಕೋಶವನ್ನು ಕೊಲ್ಲುವ ಫೀನಾಲು, ಆಲ್ಡಿಹೈಡುಗಳು ನಮ್ಮ ಶ್ವಾಸಕೋಶದ ಜೀವಕೋಶಕ್ಕೂ ತಾಗುತ್ತವೆ. ಖಾಲಿ ಕೋಣೆಗೆ ಹೊಗೆ ಹಾಕಿ, ಆಮೇಲೆ ಗಾಳಿ ಆಡಿಸಿ ಒಳಗೆ ಹೋಗುವುದು ಒಂದು ಕ್ರಮ. ಮಗುವನ್ನು ಒಳಗೆ ಕೂರಿಸಿ ಹೊಗೆ ಹಾಕುವುದು ಬೇರೆಯೇ.

ಯಾರ ಉಸಿರಿಗೆ ಹೆಚ್ಚು ಹೊರೆ?

ಮಗುವಿನ ಮಾತು ಬಂತು. ನಮ್ಮ ಮನೆಗಳಲ್ಲಿ ಕೂಸಿಗೆ ಎಣ್ಣೆನೀರು ಎರೆದು, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ತಲೆಗೂದಲಿಗೆ ಧೂಪ ಹಿಡಿಯುವ ರೂಢಿ ಇದೆ. ಅಜ್ಜಿಯರ ಪ್ರೀತಿ ಅದರಲ್ಲಿ ತುಂಬಿದೆ. ಆದರೆ ನವಜಾತ ಶಿಶು ನಿಮಿಷಕ್ಕೆ 30ರಿಂದ 60 ಸಲ ಉಸಿರಾಡುತ್ತದೆ; ದೊಡ್ಡವರು 12ರಿಂದ 20 ಸಲ. ತೂಕಕ್ಕೆ ಹೋಲಿಸಿದರೆ ಮಗು ಎಳೆದುಕೊಳ್ಳುವ ಗಾಳಿ ನಮ್ಮದಕ್ಕಿಂತ ಬಹಳ ಹೆಚ್ಚು. ಗಾಳಿ ಸೋಕಬಾರದೆಂದು ಮುಚ್ಚಿದ ಬಾಣಂತಿ ಕೋಣೆಯಲ್ಲಿ ಇದ್ದಿಲ ಕೆಂಡವಿಟ್ಟರೆ ಸಾಂಬ್ರಾಣಿಯ ಹೊಗೆಗಿಂತ ಮೊದಲು ಕಾರ್ಬನ್ ಮೊನಾಕ್ಸೈಡ್ ಅಪಾಯ ತರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಅಂಟುತ್ತದೆ. ತಾಯಂದಿರಲ್ಲಿ, ಅಜ್ಜಿಯರಲ್ಲಿ ನನ್ನ ಕಳಕಳಿಯ ವಿನಂತಿ ಇದು: ಕೂಸಿನ ತಲೆಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ಒಣಗಿಸಿ. ಕೆಂಡವನ್ನೂ ಕಪ್ ಸಾಂಬ್ರಾಣಿಯನ್ನೂ ಬಾಣಂತಿ ಕೋಣೆಗೆ ಒಯ್ಯಬೇಡಿ.

ಇನ್ನೊಬ್ಬರು ಅರ್ಚಕರು. ಕಿಟಕಿಯಿಲ್ಲದ ಗರ್ಭಗುಡಿಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ, ಮತ್ತೆ ಸಂಜೆ, ವರ್ಷವಿಡೀ ಅವರು ಹೊಗೆಯೊಳಗೇ ಕೆಲಸ ಮಾಡುತ್ತಾರೆ. ಗುರುವಾರದ ಸಂಜೆ ಅಂಗಡಿ ಅಂಗಡಿಗೆ ಲೋಬಾನದ ಹೊಗೆ ಹಿಡಿದು ಬರುವ ಫಕೀರರ ಎದೆಗೂ ಅದೇ ಹೊರೆ. ಗುಡಿಯಲ್ಲಿ ಭಕ್ತರು ಹೊತ್ತಿಸಿ ಹೋಗುವುದು ಒಂದೊಂದೇ ಕಟ್ಟು, ಅಷ್ಟನ್ನೂ ಉಸಿರಾಡುವವರು ಅರ್ಚಕರೊಬ್ಬರೇ.

ಮೂರನೆಯವರು ಕಡ್ಡಿ ಹೊಸೆಯುವ ಹೆಣ್ಣುಮಕ್ಕಳು. ಬೆಂಗಳೂರು, ಮೈಸೂರುಗಳಲ್ಲಿ ಮನೆಯಂಗಳದಲ್ಲಿ ಕುಳಿತು, ಸಾವಿರ ಕಡ್ಡಿಗೆ ಇಷ್ಟು ಎಂಬ ಕೂಲಿಗೆ ಹೊಸೆದ ಕೈಗಳ ಮೇಲೆಯೇ ಈ ಉದ್ಯಮ ನಿಂತಿತ್ತು. ಈಗ ಯಂತ್ರಗಳು ಬಂದಿವೆ. ಇದ್ದಿಲ ಮತ್ತು ಜಿಗಟ್ ಪುಡಿಯ ದೂಳು ಕೈಕೆಲಸದಲ್ಲೂ ಯಂತ್ರದಲ್ಲೂ ಇದೆ. ಕಡ್ಡಿ ಹೊತ್ತಿಕೊಳ್ಳುವ ಮುನ್ನವೇ ಅವರ ಶ್ವಾಸಕೋಶ ಅದರ ಬೆಲೆ ತೆರುತ್ತಿರುತ್ತದೆ. ಪರಿಮಳದ ಆರೋಗ್ಯದ ಬಗ್ಗೆ ಮಾತಾಡುವಾಗ ಇವರನ್ನು ಮರೆತರೆ ಆ ಮಾತಿಗೆ ಅರ್ಥವಿಲ್ಲ.

ಸೊಳ್ಳೆ ಓಡಿಸುವ ಕಡ್ಡಿ, ಹೊಸ ಮಾನಕ

ಕೆರೆಗಳ ನೆರೆಯಲ್ಲಿರುವ ನಮ್ಮ ಬಡಾವಣೆಗಳಿಗೆ ಸೊಳ್ಳೆಯ ಕಾಟ ಹೊಸದಲ್ಲ. ಊದುಬತ್ತಿಯ ರೂಪದಲ್ಲೇ ಸೊಳ್ಳೆ ಕಡ್ಡಿಗಳು ಮಾರಾಟವಾಗುತ್ತವೆ. ಕೀಟನಾಶಕದ ನೋಂದಣಿಯಿಲ್ಲದ ಇಂಥ ಕಡ್ಡಿಯಲ್ಲಿ ಯಾವ ವಿಷ ಎಷ್ಟಿದೆಯೆಂದು ಕೊಳ್ಳುವವರಿಗೆ ತಿಳಿಯುವುದಿಲ್ಲ. 2025ರ ಕೊನೆಯಲ್ಲಿ ಭಾರತೀಯ ಮಾನಕ ಬ್ಯೂರೋ ಊದುಬತ್ತಿಗೆ ಪ್ರತ್ಯೇಕ ಮಾನಕವನ್ನು ಹೊರತಂದಿತು. ಅದರ ಸಂಖ್ಯೆ ಐಎಸ್ 19412. ಅಲೆಥ್ರಿನ್, ಪರ್ಮೆಥ್ರಿನ್, ಸೈಪರ್ಮೆಥ್ರಿನ್, ಡೆಲ್ಟಾಮೆಥ್ರಿನ್, ಫಿಪ್ರೊನಿಲ್‌ನಂಥ ಕೀಟನಾಶಕಗಳನ್ನೂ ಕೆಲವು ಕೃತಕ ಸುಗಂಧ ವಸ್ತುಗಳನ್ನೂ ಅದು ನಿಷೇಧಿಸುತ್ತದೆ. ಪಾಲಿಸುವ ತಯಾರಕರು ಬ್ಯೂರೋದ ಗುರುತು ಪಡೆಯಬಹುದು. ಕೊಳ್ಳುವಾಗ ಆ ಗುರುತನ್ನು ಕೇಳಿ ಪಡೆಯುವ ಗಿರಾಕಿಗಳಿದ್ದರೆ ಮಾತ್ರ ಮಾನಕಕ್ಕೆ ಬಲ ಬರುತ್ತದೆ.

ಮಾಡಬೇಕಾದದ್ದು

ಮನೆಯಲ್ಲಿ ಮೊದಲು ಕಿಟಕಿ ತೆರೆಯಿರಿ, ಆಮೇಲೆ ಕಡ್ಡಿ ಹೊತ್ತಿಸಿ. ಕಟ್ಟುಗಟ್ಟಲೆ ಬೇಡ, ಒಂದು ಸಾಕು. ಅರ್ಧ ಉರಿದ ಮೇಲೆ ಆರಿಸಿದರೂ ಪೂಜೆಗೆ ಕೊರತೆಯಿಲ್ಲ. ಕೂಸು, ಬಸುರಿ, ಆಸ್ತಮಾದವರು, ಹೃದ್ರೋಗಿಗಳು ಇರುವ ಕೋಣೆಯಲ್ಲಿ ಉರಿಸಲೇಬೇಡಿ. ಮಲಗುವ ಕೋಣೆಯಲ್ಲಿ ರಾತ್ರಿ ಹೊತ್ತಿಸಿ ನಿದ್ದೆಹೋಗಬೇಡಿ. ಪರಿಮಳ ಬೇಕೆನಿಸಿದಾಗ ಕಲ್ಲಿನ ಮೇಲೆ ಗಂಧದ ಕೊರಡು ತೇಯಿರಿ, ಹೂವಿಡಿ. ನಮ್ಮ ಪೂಜೆಯಲ್ಲಿ ತೇಯ್ದ ಗಂಧಕ್ಕೆ ಧೂಪಕ್ಕಿಂತ ಕಡಿಮೆ ಸ್ಥಾನವೇನಿಲ್ಲ.

ದೇವಸ್ಥಾನ, ದರ್ಗಾ, ಚರ್ಚುಗಳ ಆಡಳಿತ ಮಂಡಳಿಗಳಲ್ಲಿ ಎರಡು ಕೋರಿಕೆ. ಭಕ್ತರ ಊದುಬತ್ತಿಗೆ ಅಂಗಳದಲ್ಲಿ, ತೆರೆದ ಗಾಳಿಯಲ್ಲಿ ಒಂದು ಜಾಗ ಮಾಡಿ. ಒಳಗೆ ಕೆಲಸ ಮಾಡುವವರಿಗೆ ಗಾಳಿ ಹೊರಹಾಕುವ ಫ್ಯಾನು, ವರ್ಷಕ್ಕೊಮ್ಮೆ ಶ್ವಾಸಕೋಶದ ತಪಾಸಣೆ ಒದಗಿಸಿ. ತಯಾರಕರಲ್ಲಿ ಇನ್ನೊಂದು: ಪೊಟ್ಟಣದ ಮೇಲೆ ಒಳಗಿನ ವಸ್ತುಗಳ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚುಹಾಕಿ, ಹೊಸೆಯುವವರ ಮೂಗಿಗೆ ಮುಸುಕು, ಕೋಣೆಗೆ ಗಾಳಿ ಕೊಡಿ.

ಕೊನೆಯ ಕೋರಿಕೆ ವಿದ್ವಾಂಸರಿಗೆ. ಭಾರತೀಯ ವಿಜ್ಞಾನ ಸಂಸ್ಥೆ, ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ, ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ, ಇವೆಲ್ಲ ನಮಗೆ ಒಂದೆರಡು ಗಾವುದದೊಳಗೇ ಇವೆ. ಸಿಂಗಪುರದವರ ಅಂಕಿಗಳನ್ನು ನಾವು ಎರವಲು ತರುವಂತಾಗಬಾರದು. ನಮ್ಮ ಕಡ್ಡಿಗಳ ಹೊಗೆಯನ್ನು, ನಮ್ಮ ಮನೆಗಳ ಗಾಳಿಯನ್ನು, ನಮ್ಮ ಅರ್ಚಕರ ಮತ್ತು ಕಡ್ಡಿ ಹೊಸೆಯುವ ಹೆಣ್ಣುಮಕ್ಕಳ ಉಸಿರನ್ನು ಇಲ್ಲೇ ಅಳೆಯಬೇಕು. ಫಲಿತಾಂಶವನ್ನು ಕನ್ನಡದಲ್ಲಿ ಜನರ ಮುಂದಿಡಬೇಕು. ಕಡಿಮೆ ಹೊಗೆಯಲ್ಲಿ ಪೂರ್ತಿ ಪರಿಮಳ ಕೊಡುವ ಊದುಬತ್ತಿಯನ್ನು ಮೈಸೂರು ಹೆಸರಿನ ಉದ್ಯಮವೇ ಜಗತ್ತಿಗೆ ಕೊಡಬೇಕು. ಆ ಕೆಲಸ ಶುರುವಾಗುವವರೆಗೂ ಕಿಟಕಿ ತೆರೆಯುವ ಕೆಲಸ ನಮ್ಮದು. ಅದನ್ನು ನಾಳೆ ಬೆಳಗಿನ ಪೂಜೆಯಿಂದಲೇ ಆರಂಭಿಸಬಹುದು.